ಇಲಿಗೆ ಮುಟ್ಟೇ ಆಗುವುದಿಲ್ಲ, ಎಂಡೋಮೆಟ್ರಿಯೋಸಿಸ್ ನೋವನ್ನು ಅದರಲ್ಲಿ ಹೇಗೆ ಅಳೆಯುತ್ತಾರೆ?

ನೀಲಿಛತ್ರಿ (ಪ್ರಶ್ನೆ):

ನನಗೆ ಎಂಡೋಮೆಟ್ರಿಯೋಸಿಸ್ ಇದೆ, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ಲ್ಯಾಪರೋಸ್ಕೋಪಿ ಆಗಿದೆ, ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ಅಲ್ಲ, ನಡುವೆಯೂ ಬಲಗಡೆ ಕಿಬ್ಬೊಟ್ಟೆಯಿಂದ ತೊಡೆಯವರೆಗೆ ಎಳೆದ ಹಾಗೆ ಬರುತ್ತದೆ.

ಮೈಗ್ರೇನ್ ಔಷಧಿ ಕೊಟ್ಟಾಗ ಇಲಿಗಳಲ್ಲಿ ಈ ನೋವು ಇಳಿಯಿತು ಅನ್ನುವ ಸುದ್ದಿಯನ್ನು ತಂಗಿ ಕಳಿಸಿದಳು. ಓದಿ ಖುಷಿಯಾಯಿತು. ಆಮೇಲೆ ಪ್ರಶ್ನೆಗಳು ಶುರುವಾದವು. ಇಲಿಗೆ ಮುಟ್ಟಾಗುವುದಿಲ್ಲ ಅಲ್ವಾ? ಮತ್ತೆ ಅದಕ್ಕೆ ಈ ಕಾಯಿಲೆ ಬರುವುದು ಹೇಗೆ? ಬಂದರೂ ನೋಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ಬಾಯಿ ಇರುವ ನಾನೇ ನನ್ನ ನೋವನ್ನು ಡಾಕ್ಟರ್‌ಗೆ ಅರ್ಥ ಮಾಡಿಸುವಷ್ಟರಲ್ಲಿ ವರ್ಷಗಳೇ ಹೋದವು. ಇಂಥ ಸುದ್ದಿಯನ್ನು ಎಷ್ಟು ನಂಬಬಹುದು? ಗೊತ್ತಿದ್ದವರು ಹೇಳಿ.

ಮೂಲೆಮೇಜು:

ನಾನು ನೋವಿನ ಸಂಶೋಧನೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಇಲಿಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡಿ ಬರೆದಿಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ಹೇಳಿದ್ದು ಸರಿ. ಲ್ಯಾಬ್ ಇಲಿಗೆ ಮುಟ್ಟಾಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಅದರ ಹಾರ್ಮೋನ್ ಚಕ್ರ ಸುತ್ತುತ್ತದೆ, ಆದರೆ ಗರ್ಭಕೋಶದ ಒಳಪದರ ಕಳಚಿ ಹೊರಗೆ ಬರುವುದಿಲ್ಲ. ಮುಳ್ಳಿಲಿ ಅಂತ ಒಂದು ಜಾತಿ ಇದೆ, ಅದಕ್ಕೆ ಮುಟ್ಟಾಗುತ್ತದೆ ಅಂತ ಗೊತ್ತಾಗಿದ್ದೇ ಈಚೆಗೆ. ಹೀಗಾಗಿ ಸಾಮಾನ್ಯ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ, ನಾವೇ ತರಿಸಬೇಕು. ಒಂದು ಇಲಿಯ ಗರ್ಭಕೋಶವನ್ನು ಸಣ್ಣಗೆ ಕತ್ತರಿಸಿ ಇನ್ನೊಂದರ ಹೊಟ್ಟೆಯೊಳಗೆ ಇಂಜೆಕ್ಷನ್ ಮಾಡುತ್ತಾರೆ. ಆ ತುಣುಕುಗಳು ಅಲ್ಲಲ್ಲಿ ಅಂಟಿಕೊಂಡು, ರಕ್ತನಾಳ ಬೆಳೆಸಿಕೊಂಡು, ಗಂಟಾಗುತ್ತವೆ. ಹಾರ್ಮೋನ್ ಕೊಟ್ಟು, ನಿಲ್ಲಿಸಿ, ಮುಟ್ಟಿನಂಥ ಸ್ಥಿತಿ ತರಿಸಿ, ಆ ಒಳಪದರವನ್ನೇ ಬಳಸುವ ವಿಧಾನವೂ ಇದೆ. ಅದು ನಿಮ್ಮ ಕಾಯಿಲೆಗೆ ಇನ್ನೂ ಹತ್ತಿರ.

ಈಗ ನೋವಿನ ವಿಷಯ. ಹೆಚ್ಚಿನ ಸಂಶೋಧನಾ ಪೇಪರ್‌ಗಳಲ್ಲಿ ಇರುವುದು ಫಾನ್ ಫ್ರೈ ಎಳೆಗಳ ಪರೀಕ್ಷೆ. ತಂತಿ ಬಲೆಯ ಮೇಲೆ ಪುಟ್ಟ ಪಾರದರ್ಶಕ ಡಬ್ಬಿ, ಅದರೊಳಗೆ ಇಲಿ. ಮೊದಲು ಅದು ಸುತ್ತಾಡಿ, ಮೂಸಿ, ಮೈ ನೆಕ್ಕಿಕೊಂಡು ಸುಮ್ಮನಾಗುವವರೆಗೆ ಕಾಯಬೇಕು. ಆಮೇಲೆ ಕೆಳಗಿನಿಂದ ನೈಲಾನ್ ಎಳೆಯನ್ನು ಕಿಬ್ಬೊಟ್ಟೆಗೆ ತಾಗಿಸಿ, ಎಳೆ ಬಾಗುವಷ್ಟು ಒತ್ತುತ್ತೇವೆ. ಒಂದೊಂದು ಎಳೆ ಬಾಗುವುದು ಒಂದೊಂದು ನಿಗದಿತ ಒತ್ತಡಕ್ಕೆ. ಆರೋಗ್ಯವಾಗಿರುವ ಇಲಿ ತೆಳು ಎಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಂಟಿರುವ ಇಲಿ ಅದೇ ಎಳೆಗೆ ಹೊಟ್ಟೆ ಒಳಗೆಳೆದುಕೊಳ್ಳುತ್ತದೆ, ಹಾರುತ್ತದೆ, ಇಲ್ಲವೇ ತಿರುಗಿ ಅದೇ ಜಾಗ ನೆಕ್ಕಿಕೊಳ್ಳುತ್ತದೆ. ಯಾವ ಇಲಿಗೆ ಏನು ಕೊಟ್ಟಿದ್ದಾರೆ ಅಂತ ಪರೀಕ್ಷೆ ಮಾಡುವವರಿಗೆ ಗೊತ್ತಿರಬಾರದು.

ಆದರೆ ನೋಡಿ, ನಿಮ್ಮ ದೊಡ್ಡ ಕಷ್ಟ ಯಾರೋ ಚುಚ್ಚಿದಾಗ ಆಗುವ ನೋವಲ್ಲ. ಸುಮ್ನೆ ಕೂತಾಗಲೂ ಇರುವ ನೋವು. ಅದನ್ನು ಹಿಡಿಯಲು ಬೇರೆ ದಾರಿ ಬೇಕು. 2010ರಲ್ಲಿ ಇಲಿಯ ಮುಖ ನೋಡಿ ನೋವು ಗುರುತಿಸುವ ಅಳತೆ ಬಂತು. ಕಣ್ಣು ಕಿರಿದಾಗಿದೆಯಾ, ಮೂಗು ಮತ್ತು ಕೆನ್ನೆ ಉಬ್ಬಿವೆಯಾ, ಕಿವಿ ಮತ್ತು ಮೀಸೆ ಹೇಗಿವೆ, ಹೀಗೆ ಐದು ಗುರುತು. ಅದಕ್ಕಿಂತ ನನಗೆ ಇಷ್ಟ ಬಿಲ ತೋಡುವ ಪರೀಕ್ಷೆ. ಕೊಳವೆಯಲ್ಲಿ ತಿಂಡಿಯ ಉಂಡೆ ತುಂಬಿ ಪಂಜರದಲ್ಲಿಡುತ್ತೇವೆ. ಚೆನ್ನಾಗಿರುವ ಇಲಿ ಅದನ್ನೆಲ್ಲ ಕಾಲಲ್ಲಿ ಒದ್ದು ಹೊರಗೆ ಹಾಕುತ್ತದೆ. ಅದು ಅದರ ಸ್ವಭಾವ, ಯಾರೂ ಕಲಿಸಬೇಕಿಲ್ಲ. ನೋವಿರುವ ಇಲಿ ಸ್ವಲ್ಪ ತೆಗೆದು ಬಿಟ್ಟುಬಿಡುತ್ತದೆ. ಕೊನೆಗೆ ಉಳಿದದ್ದನ್ನು ತೂಗಿದರೆ ಆಯಿತು. ದಿನದ ಕೆಲಸವನ್ನು ನೋವು ಎಷ್ಟು ಕಿತ್ತುಕೊಂಡಿದೆ ಅಂತ ಕೇಳುವ ಪರೀಕ್ಷೆ ಇದು. ಎಳೆ ಪರೀಕ್ಷೆ ಒಂದನ್ನೇ ಮಾಡಿ ‘ನೋವು ಹೋಯಿತು’ ಅಂತ ಬರೆದಿರುವ ಪೇಪರ್ ನನಗೆ ಸಮಾಧಾನ ಕೊಡುವುದಿಲ್ಲ.

ನೀವು ಓದಿದ್ದು 2024ರ ಕೆಲಸ ಇರಬೇಕು. ನೋವಿನ ನರಗಳು ಸಿಜಿಆರ್‌ಪಿ ಅನ್ನುವ ವಸ್ತು ಬಿಡುತ್ತವೆ. ಅದು ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಕೋಶಗಳನ್ನು ತಲುಪಿ, ಗಂಟು ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಆ ಮಾತುಕತೆಯನ್ನು ತಡೆಯುವ ಮೈಗ್ರೇನ್ ಔಷಧಿಗಳು ಇಲಿಗಳಲ್ಲಿ ಗಂಟನ್ನೂ ಚಿಕ್ಕದು ಮಾಡಿದವು, ನೋವನ್ನೂ ಇಳಿಸಿದವು. ಚುಚ್ಚಿದಾಗಿನ ನೋವು, ತಾನಾಗಿ ಬರುವ ನೋವು ಎರಡನ್ನೂ ಅಲ್ಲಿ ನೋಡಿದ್ದಾರೆ. ಅದಕ್ಕೇ ಆ ಕೆಲಸದ ಮೇಲೆ ನನಗೆ ಗೌರವ.

ಪಶುವೈದ್ಯೆ:

ಚೆನ್ನಾಗಿ ಹೇಳಿದ್ದೀರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಬೂನ್ ಕೋತಿಗಳಿಗೆ ಮುಟ್ಟಾಗುತ್ತದೆ, ಈ ಕಾಯಿಲೆ ತಾನಾಗಿಯೂ ಬರುತ್ತದೆ. ಅವುಗಳಲ್ಲಿ ಟಿಎನ್ಎಫ್ ಅನ್ನುವ ಉರಿಯೂತದ ಪ್ರೋಟೀನನ್ನು ತಡೆದಾಗ ಗಾಯಗಳು (ಮೇಲೆ ಹೇಳಿದ ಗಂಟುಗಳು) ಕಡಿಮೆಯಾದವು. ಅದೇ ಪ್ರೋಟೀನನ್ನು ತಡೆಯುವ ಇನ್ಫ್ಲಿಕ್ಸಿಮ್ಯಾಬ್ ಔಷಧಿಯನ್ನು ಹೆಂಗಸರಿಗೆ ಕೊಟ್ಟು ನೋಡಿದ ಒಂದು ಸಣ್ಣ ಟ್ರಯಲ್‌ನ ಫಲಿತಾಂಶ 2008ರಲ್ಲಿ ಬಂತು. ನೋವಿನಲ್ಲಿ ಹುಸಿ ಔಷಧಿಗಿಂತ ಏನೂ ವ್ಯತ್ಯಾಸ ಇರಲಿಲ್ಲ. ಹೇಗೂ ಮನುಷ್ಯರಲ್ಲಿ ಗಾಯಕ್ಕೂ ನೋವಿಗೂ ತಾಳೆಯಾಗುವುದಿಲ್ಲ ಅಲ್ವಾ? ಎಲ್ಲೆಲ್ಲೂ ಹರಡಿರುವ ಕೆಲವರಿಗೆ ನೋವೇ ಇರುವುದಿಲ್ಲ, ಚುಕ್ಕಿಯಷ್ಟು ಇರುವವರು ಎದ್ದೇಳಲು ಆಗದೆ ಮಲಗಿರುತ್ತಾರೆ. ಗಾಯ ಚಿಕ್ಕದಾದರೆ ನೋವೂ ಇಳಿಯುತ್ತದೆ ಅಂತ ಸುಮ್ನೆ ಅಂದುಕೊಳ್ಳುವಂತಿಲ್ಲ.

ನೀಲಿಛತ್ರಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸ್ಕ್ಯಾನ್‌ನಲ್ಲಿ ‘ಏನೂ ಜಾಸ್ತಿ ಇಲ್ಲ’ ಅಂತ ಹೇಳಿ ಕಳಿಸಿದ್ದು ನೆನಪಾಯಿತು. ಇನ್ನೆರಡು ಪ್ರಶ್ನೆ. ನನ್ನ ತೊಡೆಗೆ ಇಳಿಯುವ ನೋವಿಗೆ ಇಲಿಗಳಿಂದ ಏನಾದರೂ ಗೊತ್ತಾಗಿದೆಯಾ? ಆ ಮೈಗ್ರೇನ್ ಔಷಧಿಯನ್ನು ಈಗಲೇ ಶುರು ಮಾಡಿಸಿಕೊಳ್ಳಬಹುದಾ?

ಮೂಲೆಮೇಜು:

ನೋವು ಬೇರೆ ಕಡೆ ಹರಡುವುದರ ಬಗ್ಗೆ ದೊಡ್ಡ ಜಾತಿಯ ಲ್ಯಾಬ್ ಇಲಿಗಳು ಬಹಳ ಕಲಿಸಿವೆ. ನೋವಿನ ಸಂಶೋಧಕಿ ಕ್ಯಾರೆನ್ ಬರ್ಕ್ಲಿ ಅವರ ತಂಡ ಗರ್ಭಕೋಶದ ತುಣುಕುಗಳನ್ನು ಕರುಳಿಗೆ ಹೋಗುವ ರಕ್ತನಾಳಗಳ ಪಕ್ಕ ಹೊಲಿಯಿತು. ಗಂಟು ಬೆಳೆದದ್ದು ಅಲ್ಲಿ, ಆದರೆ ನೋವಿಗೆ ಸೂಕ್ಷ್ಮವಾದದ್ದು ದೂರದ ಯೋನಿ. ಈಸ್ಟ್ರೋಜನ್ ಏರಿದ ಹೊತ್ತಿನಲ್ಲಿ ಅದು ಇನ್ನೂ ಜಾಸ್ತಿ. ಆ ಗಂಟುಗಳೊಳಗೆ ಹೊಸ ನರಗಳು ಬೆಳೆದಿದ್ದವು. ಹೆಂಗಸರಿಂದ ತೆಗೆದ ತುಣುಕುಗಳಲ್ಲೂ ನರಗಳಿವೆ. ಒಂದು ಕಡೆಯ ನರಗಳು ಸದಾ ಕೂಗುತ್ತಿದ್ದರೆ ಬೆನ್ನುಹುರಿಯಲ್ಲಿ ಅಕ್ಕಪಕ್ಕದ ಜಾಗದ ಸುದ್ದಿಯೂ ಜೋರಾಗಿ ಕೇಳಿಸತೊಡಗುತ್ತದೆ. ನಿಮ್ಮ ತೊಡೆಯ ವಿಷಯದಲ್ಲಿ ಇದೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳಲಾರೆ. ನರದ ಹತ್ತಿರವೇ ಗಾಯ ಇದೆಯಾ ಅಂತ ಡಾಕ್ಟರ್ ನೋಡಬೇಕು. ಆದರೆ ಸ್ಕ್ಯಾನ್‌ನಲ್ಲಿ ಜಾಸ್ತಿ ಕಾಣದಿದ್ದರೂ ಇಂಥ ನೋವು ನಿಜ. ಇಷ್ಟನ್ನು ಆ ಪ್ರಾಣಿಗಳು ಗಟ್ಟಿಯಾಗಿ ತೋರಿಸಿಕೊಟ್ಟಿವೆ.

ಮೈಗ್ರೇನ್ ಔಷಧಿಯನ್ನು ನೀವಾಗಿ ಶುರು ಮಾಡಬೇಡಿ. ಎಂಡೋಮೆಟ್ರಿಯೋಸಿಸ್‌ಗೆ ಅದು ಒಪ್ಪಿಗೆಯಾದ ಚಿಕಿತ್ಸೆ ಅಲ್ಲ. ಅಂದಹಾಗೆ, ಈ ಕಾಯಿಲೆ ಇರುವವರಲ್ಲಿ ಮೈಗ್ರೇನ್ ಸ್ವಲ್ಪ ಜಾಸ್ತಿ ಕಂಡುಬರುತ್ತದೆ. ನಿಮಗೂ ತಲೆನೋವು ಬರುತ್ತಿದ್ದರೆ ಮುಂದಿನ ಸಲ ಡಾಕ್ಟರ್‌ಗೆ ತಪ್ಪದೆ ಹೇಳಿ. ಕಣ್ಣಿಗೆ ಮಿಂಚು ಬಂದು ಶುರುವಾಗುವ ತಲೆನೋವಾದರೆ ಮುಖ್ಯವಾಗಿ ಹೇಳಲೇಬೇಕು, ಯಾಕೆಂದರೆ ಈಸ್ಟ್ರೋಜನ್ ಇರುವ ಮಾತ್ರೆ ಅಂಥವರಿಗೆ ಸರಿ ಹೋಗುವುದಿಲ್ಲ. ಮಗುವಿನ ಯೋಚನೆ ಇದ್ದರೆ ಅದನ್ನೂ ಹೇಳಿ.