ಹಾಯಿದೋಣಿ ಪ್ರವಾಸ: ಅಕ್ಕನ ಮೆಸೇಜಿಗೆ ಉತ್ತರ

ಅಕ್ಕಾ, ನಿಮ್ಮ ಮೆಸೇಜ್ ಕೇಳಿದೆ. ಮಗಳು ಅಳಿಯ 34 ಫೂಟಿನ ಹಳೇ ಹಾಯಿದೋಣಿ ತಗೊಂಡಾರ, ಅಕ್ಟೋಬರ್‌ನ್ಯಾಗ ನಾರ್ಫೋಕ್‌ದಿಂದ ಮಯಾಮಿ ತನಕ ಅಮೆರಿಕಾದ ಪೂರ್ವ ದಂಡಿಗುಂಟ ಇಬ್ಬರ ಹೊಂಟಾರ, ಸಮುದ್ರದಾಗ ಏನರ ಆದ್ರ ಹೆಂಗ ಅಂತ ಕೇಳೀರಿ. ಕೇಶ್ವಾಪುರದ ಕಾಕಾ ಅದರ ಕೆಳಗ ಮುಳುಗೋ ಹಡಗಿನ ಫೋಟೋ ಬ್ಯಾರೆ ಹಾಕ್ಯಾರ. ಉದ್ದ ಆಗತೈತಿ, ಸಮಾಧಾನಲೇ ಕೇಳ್ರಿ.

ಅವರು ಹೊಂಟಿದ್ದು ಬಯಲು ಸಮುದ್ರದಾಗ ಅಲ್ಲ. ಅದು ಇಂಟ್ರಾಕೋಸ್ಟಲ್ ವಾಟರ್‌ವೇ ಅಂತ, ದಂಡಿ ಒಳಮಗ್ಗಲಿನ ನೀರದಾರಿ. ನದಿ, ಹಿನ್ನೀರು, ಅಗೆದ ಕಾಲುವೆ ಒಂದಕ್ಕೊಂದು ಕೂಡಿಸ್ಯಾರ. ಭಾಳ ಕಡೆ ಸಮುದ್ರಕ್ಕೂ ಅದಕ್ಕೂ ನಡುವ ಮರಳಿನ ದ್ವೀಪ ಅಡ್ಡ ಇರತಾವ. ಕೇರಳದ ಹಿನ್ನೀರಿನಂಗೇನು ಅಂತ ಧಾರವಾಡದ ವೈನಿ ಕೇಳಿದ್ರಲ್ಲ, ಜಾತಿ ಅದ ಖರೆ. ಆದ್ರ ಅಲ್ಲಿ ಕೊಲ್ಲಂ–ಕೊಟ್ಟಪುರಂ ಜಲಮಾರ್ಗ 168 ಕಿಲೋಮೀಟರು, ಇದು ಮಯಾಮಿ ತನಕ ಸುಮಾರು 1,090 ಮೈಲು, ಅಂದ್ರ 1,750 ಕಿಲೋಮೀಟರು.

ಹಿಂಗಾಗಿ ಅಲೆ ಚಿಂತಿ ಬಿಟ್ಟು ತಳದ ಚಿಂತಿ ಮಾಡ್ರಿ. ಕಾಗದದ ಮ್ಯಾಲ ಫೋರ್ಟ್ ಪಿಯರ್ಸ್ ತನಕ 12 ಫೂಟು ಆಳ, ಅಲ್ಲಿಂದ ಮಯಾಮಿಗೆ 10 ಫೂಟು. ಆದ್ರ ಸಮುದ್ರದ ಬಾಯಿ ಬಂದು ಕಾಲುವೆಗೆ ಕೂಡೋ ಜಾಗದಾಗ ಮರಳು ಬಂದು ಕುಂದರತೈತಿ, ನಕ್ಷಾದಾಗ ಇದ್ದ ಆಳ ಅಲ್ಲಿ ಸಿಗಂಗಿಲ್ಲ. ಇವರ ದೋಣಿ ಕೀಲ್, ಅಂದ್ರ ತಳದ ಕೆಳಗಿನ ರೆಕ್ಕಿ, ಸುಮಾರು 5 ಫೂಟು ನೀರಿನ ಕೆಳಗ ಇರತೈತಿ. ಅಂಥಾ ಜಾಗ ಯಾವಾಗಲೂ ನೀರು ಏರೋವಾಗ, ಅರ್ಧ ಭರತಿ ಆದಮ್ಯಾಲ ದಾಟಬೇಕು. ಏರೋ ನೀರಿನಾಗ ಸಿಕ್ಕಿಬಿದ್ರ ಸೊಲ್ಪ ಹೊತ್ತಿಗೆ ನೀರ ಎತ್ತಿಬಿಡತೈತಿ. ಇಳಿಯೋವಾಗ ಸಿಕ್ಕಿಬಿದ್ರ ದೋಣಿ ಮಗ್ಗಲಾಗಿ ಮಲಗತೈತಿ, ಮುಂದಿನ ಭರತಿ ಮಟಾ ಕುಂದರೋದ. ಜಾರ್ಜಿಯಾದಾಗ ಭರತಿ-ಇಳಿತದ ಫರಕ 7ರಿಂದ 9 ಫೂಟು, ಅಲ್ಲಿ ಇದು ಚೇಷ್ಟಿ ಅಲ್ಲ. ಸೀ ಟೋ ಇಲ್ಲಾಂದ್ರ ಟೋಬೋಟ್ ಯುಎಸ್, ಸಿಕ್ಕಿಬಿದ್ದ ದೋಣಿ ಎಳಿಯೋ ಕಂಪನಿ ಇವು, ಎರಡರಾಗ ಒಂದರ ಸದಸ್ಯತ್ವ ಹೊರಡೋಕಿಂತ ಮೊದಲ ಮಾಡಸ್ರಿ. ಒಂದ ಸರ್ತಿ ಎಳಸ್ಕೊಂಡ ಬಿಲ್ಲು ವರ್ಷದ ಫೀಗಿಂತ ಎಷ್ಟೋ ಜಾಸ್ತಿ.

ತಳ ಆತು, ಇನ್ನ ತಲಿ ಮ್ಯಾಲಿಂದು. ಆ ದಾರಿಯ ಸ್ಥಿರ ಸೇತುವೆ ಹೆಚ್ಚೂಕಮ್ಮಿ ಎಲ್ಲಾ 65 ಫೂಟಿನವು. ನಾರ್ತ್ ಕೆರೊಲಿನಾದ ವಿಲ್ಕರ್ಸನ್ ಸೇತುವೆ 64, ಮಯಾಮಿಯ ಜೂಲಿಯಾ ಟಟಲ್ 56. ಇವರ ಹಾಯಿಗಂಬ 50ರ ಆಸುಪಾಸು ಇರಬೇಕು, ಆದ್ರ ಕಂಪನಿ ಕಾಗದದಾಗ ಬರೆದಿದ್ದನ್ನ ನಂಬಬ್ಯಾಡ್ರಿ. ತುದಿಯ ರೇಡಿಯೋ ಆಂಟೆನಾ, ಗಾಳಿ ಅಳಿಯೋ ಯಂತ್ರ ಅದರಾಗ ಹಿಡಿದಿರಂಗಿಲ್ಲ. ಹಾಯಿ ಏರಸೋ ಹಗ್ಗಕ್ಕ ಟೇಪ್ ಕಟ್ಟಿ ಮ್ಯಾಲ ಎಳದು, ನೀರಿನ ಮಟ್ಟದಿಂದ ಅಳೀಬೇಕು. ಸೇತುವೆ ಕಂಬಕ್ಕ ಅಂಕಿ ಬರೆದ ಹಲಗಿ ಇರತೈತಿ, ಈಗ ಎಷ್ಟು ಜಾಗ ಐತಿ ಅಂತ ಅದು ಹೇಳತೈತಿ. ಅದನ್ನ ಓದಿ ನುಗ್ಗಬೇಕು, ಕೆಳಗ ನಿಂತು ಕತ್ತೆತ್ತಿ ನೋಡಬಾರದು. ಅಲ್ಲಿಂದ ನೋಡಿದ್ರ 10 ಫೂಟು ಜಾಗ ಇದ್ರೂ ಗಂಬ ಬಡೀತು ಅನಿಸತೈತಿ.

ತೆರೆಯೋ ಸೇತುವೆಗೆ ವಿಎಚ್‌ಎಫ್ ರೇಡಿಯೋ ಮ್ಯಾಲ ಕೇಳಬೇಕು. ವರ್ಜೀನಿಯಾ, ನಾರ್ತ್ ಕೆರೊಲಿನಾದಾಗ ಚಾನೆಲ್ 13, ಸೌತ್ ಕೆರೊಲಿನಾದಿಂದ ಕೆಳಗ 9. ಭಾಳಷ್ಟು ಸೇತುವೆ ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ತೆರೀತಾವ. ಕಾಯೋವಾಗ ದೂರನ ನಿಲ್ಲಬೇಕು. ಸೆಳವು ಹಿಂದಿಂದ ನೂಕತಿದ್ರ ರಿವರ್ಸ್‌ನಾಗ ಹಾಯಿದೋಣಿ ಹೇಳಿದ ಮಾತು ಕೇಳಂಗಿಲ್ಲ.

ನಾರ್ಫೋಕ್ ಬಿಟ್ಟ ಕೂಡಲೇ ಎರಡು ದಾರಿ. ಒಂದು ಡಿಸ್ಮಲ್ ಸ್ವಾಂಪ್ ಕಾಲುವೆ, ಗುಲಾಮರ ಕೈಲೆ ಅಗೆಸಿದ್ದು, 1805ರಾಗ ತೆರದದ್ದು, 22 ಮೈಲು, ಎರಡು ಲಾಕು (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಸೋ ಗೇಟು), ಆಳ 6 ಫೂಟು. ಇನ್ನೊಂದು ಗ್ರೇಟ್ ಬ್ರಿಜ್ ಲಾಕಿನ ದಾರಿ, ಆಳ ಜಾಸ್ತಿ, ಸರಕಿನ ಬಾರ್ಜ್ ಅಲ್ಲೇ ಓಡಾಡತಾವ. ನನ್ನ ಕೇಳಿದ್ರ ಡಿಸ್ಮಲ್ ಛಲೋ, ಆದ್ರ ನಟ್ಟನಡುವ ಹೋಗಬೇಕು. ದಂಡಿಗೆ ಗಿಡದ ಟೊಂಗಿ ಗಂಬಕ್ಕ ಸಿಗತಾವ, ಮುಳುಗಿದ ದಿಮ್ಮಿ ಪ್ರೊಪೆಲ್ಲರ್‌ಗೆ ಬಡೀತಾವ, ನೀರ ಮ್ಯಾಲಿನ ಹಸರು ಪಾಚಿ ಇಂಜಿನ್ ತಣಿಸೋ ನೀರಿನ ಜಾಳಗಿ ಕಟ್ಟತೈತಿ. ಆ ನೀರು ಚಹಾ ಬಣ್ಣದ್ದು, ದೋಣಿ ಮೂತಿಗೆ ಕಂದು ಮೀಸಿ ಮೂಡತೈತಿ. ನಿಂಬಿಹಣ್ಣಿನ ರಸಕ್ಕ ಹೋಗತೈತಿ.

ಕಾಕಾರ ಫೋಟೋಕ್ಕ ಸೊಲ್ಪರ ಹತ್ತಿರ ಅಂದ್ರ ಈ ಕಾಲುವೆ ದಾಟಿದ ಮ್ಯಾಲ ಬರೋ ಆಲ್ಬಮಾರ್ಲ್ ಸೌಂಡ್ ಅನ್ನೋ ದೊಡ್ಡ ಹಿನ್ನೀರು. ಅಗಲ ಭಾಳ, ಆಳ ಕಡಿಮಿ, ಹಿಂಗಾಗಿ ಗಾಳಿ 20 ನಾಟ್ (ತಾಸಿಗೆ ಸುಮಾರು 37 ಕಿಲೋಮೀಟರು) ಬಂತಂದ್ರ ಗಿಡ್ಡ, ಕಡಿದಾದ ಅಲೆ ಏಳತಾವ. ಗಾಳಿ ಇದ್ದ ದಿನ ನಿಂತು ಮರುದಿನ ದಾಟಿದ್ರ ಆತು.

ಹಾಯಿದೋಣಿ ಅಂತ ಹೆಸರು, ದಾರಿ ಸಣ್ಣದು ಅಂತ ಬಹುಪಾಲು ಡೀಸೆಲ್ ಇಂಜಿನ್ ಮ್ಯಾಲೇ ನಡೀತೈತಿ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್, ಬೆಲ್ಟು, ಡೀಸೆಲ್ ಫಿಲ್ಟರ್ ಜೋಡಿ ಜೋಡಿ ಇಟ್ಕೋಬೇಕು. ಹಳೇ ಡೀಸೆಲ್ ಟಾಕಿ ತಳದ ರಾಡಿ ದೋಣಿ ಹೊಯ್ದಾಡಿದಾಗ ಮ್ಯಾಲ ಏಳತೈತಿ, ಫಿಲ್ಟರ್ ಕಟ್ಟತೈತಿ, ಬೇಕಾದಾಗ ಇಂಜಿನ್ ಬಂದ್. ಹೊರಡೋಕಿಂತ ಮೊದಲ ಟಾಕಿ ತೊಳಸಾಕ ಹೇಳ್ರಿ.

ರಾತ್ರಿ ನಡೆಸೋದು ಬ್ಯಾಡ, ಲಂಗರು ಹಾಕಿ ನಿಲ್ಲಬೇಕು. ಲಂಗರಿನ ಲೆಕ್ಕ ನೋಡ್ರಿ: ಇಳಿತದಾಗ ನೀರು 10 ಫೂಟು, ಭರತಿ 8 ಕೂಡಸ್ರಿ, ದೋಣಿ ಮೂತಿಯ ಎತ್ತರ 4 ಕೂಡಸ್ರಿ, 22 ಆತು. ಅದರ 7 ಪಟ್ಟು, 154 ಫೂಟು ಸರಪಳಿ-ಹಗ್ಗ ಬಿಡಬೇಕು. ಬರೇ 10ಕ್ಕ ಲೆಕ್ಕ ಹಾಕಿ 70 ಬಿಟ್ರ ನಡುರಾತ್ರಿ ಭರತಿ ಏರಿದಾಗ ಲಂಗರು ಕಿತ್ತು ದೋಣಿ ಜಾರತೈತಿ.

ಇಬ್ಬರಾಗ ಒಬ್ಬರು ಚುಕ್ಕಾಣಿ, ಒಬ್ಬರು ದುರ್ಬೀನು ಹಿಡಿದು ಮುಂದಿನ ಗುರ್ತಿನ ಕಂಬದ ನಂಬರ್ ಓದಬೇಕು. ದಕ್ಷಿಣಕ್ಕ ಹೋಗೋವಾಗ ಕೆಂಪು ಬಲಕ್ಕ, ಹಸರು ಎಡಕ್ಕ. ಸಮುದ್ರದ ಬಾಯಿ ಹತ್ತಿರ ಬಣ್ಣ ಉಲ್ಟಾ ಆಗಬಹುದು, ಅಲ್ಲಿ ಹಳದಿ ತ್ರಿಕೋನ ಬಲಕ್ಕ, ಹಳದಿ ಚೌಕ ಎಡಕ್ಕ ಹಿಡದ್ರ ದಾರಿ ತಪ್ಪಂಗಿಲ್ಲ.

ದಿನಕ್ಕ 8 ತಾಸು, 5 ನಾಟ್ (ತಾಸಿಗೆ ಸುಮಾರು 5.75 ಮೈಲು) ಅಂದ್ರ 46 ಮೈಲು. ಬರೇ ನಡಿಗಿಗೆ 24 ದಿನ, ಗಾಳಿ ಮಳಿ ರಿಪೇರಿ ಹಿಡಿದು ಐದಾರು ವಾರ ಅನ್ರಿ. ಚಂಡಮಾರುತದ ಸೀಸನ್ ನವೆಂಬರ್ 30ರ ತನಕ. ಯಾವ ತಾರೀಖಿನ ಮೊದಲ ಎಷ್ಟು ದಕ್ಷಿಣಕ್ಕ ಹೋಗಬಾರದು ಅಂತ ಕೆಲವು ಇನ್ಶೂರೆನ್ಸ್‌ದಾಗ ಷರತ್ತು ಇರತೈತಿ, ಅಳಿಯಗ ಪಾಲಿಸಿ ಓದಾಕ ಹೇಳ್ರಿ.

ಖಟಕ ರೊಟ್ಟಿ, ಶೇಂಗಾ ಚಟ್ನಿ ದೋಣಿಗೆ ಭಾಳ ಛಲೋ, ಫ್ರಿಜ್ ಬೇಕಿಲ್ಲ. ಆದ್ರ ಅಲ್ಲಿ ಹಸಿ ಹವಾಕ್ಕ ರೊಟ್ಟಿ ಮೆತ್ತಗಾಗತಾವ, ಗಾಳಿ ಹೋಗದ ಡಬ್ಬಿಗೆ ಹಾಕಿ, ಹೊರಡೋಕಿಂತ ಮೊದಲ ಮನೀಗೇ ಮುಟ್ಟೋಹಂಗ ಕಳಸ್ರಿ.