‘ವಾತಾಯನ’ವೆಂದರೆ ಕೊಳವೆಯೇ, ಕಿಂಡಿಯೇ?

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಗ್ಯಾಸ್ ಗೀಸರನ್ನು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ದುರಸ್ತಿ ಮಾಡಿಸುವಾಗ ಎದ್ದ ಪದಸಂಶಯವೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಗೀಸರಿನೊಡನೆ ಬಂದ ಕನ್ನಡ ಕೈಪಿಡಿಯಲ್ಲಿ ‘ವಾತಾಯನವನ್ನು ಮುಚ್ಚಬಾರದು’ ಎಂದು ಒಂದು ಕಡೆ, ‘ವಾತಾಯನವು ಹೊರಗೋಡೆಯಿಂದಾಚೆಗೆ ಚಾಚಿರಬೇಕು’ ಎಂದು ಇನ್ನೊಂದು ಕಡೆ ಇದೆ. ಸಂಸ್ಕೃತದಲ್ಲಿ ವಾತಾಯನವೆಂದರೆ ಕಿಟಕಿ. ಕಿಟಕಿಯನ್ನು ಗೋಡೆಯಾಚೆ ಚಾಚುವುದು ಹೇಗೆ? ಕೋಣೆಗೆ ಹೊಸ ಗಾಳಿ ಬರುವ ಕಿಂಡಿಗೂ ಉರಿದ ಅನಿಲವನ್ನು ಹೊರಗೆ ಸಾಗಿಸುವ ಕೊಳವೆಗೂ ಅನುವಾದಕರು ಒಂದೇ ಪದವನ್ನು ಬಳಸಿದ್ದಾರೆ. ಗೀಸರನ್ನು ಜೋಡಿಸಿದವರು ಕಿಂಡಿ ಹೇಗೂ ಇದೆಯಲ್ಲ ಎಂದು ಕೊಳವೆಯನ್ನೇ ಬಿಟ್ಟಿದ್ದರು. ಮಳೆಯ ಇರಿಚಲಿಗೆ ನಾವು ಆ ಕಿಂಡಿಯನ್ನೂ ಮುಚ್ಚಿದ್ದೆವು.

ದುರಸ್ತಿಗೆ ಬಂದ ಮಲಯಾಳಿ ಗೀಸರಿನ ನೆತ್ತಿಯ ತೂತಿನ ಸುತ್ತ ಹಿಡಿದಿದ್ದ ಮಸಿಯನ್ನು ಬೆರಳಿನಿಂದ ಒರೆಸಿ ನೋಡಿ, ‘ಪುಗಕ್ಕುಳಲ್ ಎವಿಡೆ (ಎಲ್ಲಿ)?’ ಎಂದು ಕೇಳಿದರು. ಅವರ ‘ಪುಗ’ ನಮ್ಮ ಹಳಗನ್ನಡದ ‘ಪೊಗೆ’, ಇಂದಿನ ‘ಹೊಗೆ’. ‘ಕುಳಲ್’ ನಮ್ಮ ‘ಕೊಳಲು’. ಹಾಗಿದ್ದರೆ ಕೊಳವೆಗೆ ‘ಹೊಗೆಗೊಳವೆ’, ಕಿಂಡಿಗೆ ‘ಗಾಳಿಕಂಡಿ’ ಎಂದು ಬಿಡಿಸಿ ಹೇಳಿದರೆ ತೀರಿತು ಎಂದುಕೊಂಡೆ. ಅಷ್ಟರಲ್ಲಿ ಜಗಲಿಯಲ್ಲಿದ್ದ ಅತ್ತೆ, ‘ಗ್ಯಾಸಿಂಗೆ ಎಂತರ ಹೊಗೆ?’ ಎಂದರು.

ಅವರ ಆಕ್ಷೇಪ ತೂಕದ್ದು. ನಮ್ಮ ಹವ್ಯಕರ ಅಬ್ಬಿಕೊಟ್ಟಗೆಯಲ್ಲಿ (ಬಚ್ಚಲುಮನೆಯಲ್ಲಿ) ಹಂಡೆಯ ಒಲೆಗೆ ತೆಂಗಿನ ಮಡಲು (ಗರಿ), ಕೊತ್ತಳಿಗೆ (ಗರಿಯ ದಪ್ಪ ಬುಡ) ತುರುಕಿದರೆ ಕಣ್ಣುರಿಯುವಷ್ಟು ಹೊಗೆಯೇಳುತ್ತಿತ್ತು, ಅದು ಗೋಡೆಗೂ ಹಂಚಿಗೂ ನಡುವಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಹೆಚ್ಚಾದರೆ ಕೆಮ್ಮುತ್ತ ನಾವೇ ಅಂಗಳಕ್ಕೆ ಬರುತ್ತಿದ್ದೆವು. ಹೊಗೆ ಎಂಬ ಪದದೊಳಗೆ ಆ ಉರಿ, ಆ ಕೆಮ್ಮು ಸೇರಿಕೊಂಡಿವೆ. ಗೀಸರಿನಲ್ಲಿ ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ, ಸ್ನಾನಕ್ಕೆ ಹೋದವರು ತಲೆಸುತ್ತಿ ಅಲ್ಲಿಯೇ ಬೀಳುತ್ತಾರೆ. ಸಿಲಿಂಡರಿನ ಅನಿಲಕ್ಕೆ, ಸೋರಿದರೆ ತಿಳಿಯಲೆಂದು, ಮರ್ಕ್ಯಾಪ್ಟಾನ್ ಎಂಬ ನಾತದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆದರೆ ಉರಿಯುವಾಗ ಆ ವಾಸನೆಯೂ ಸುಟ್ಟುಹೋಗುವುದರಿಂದ ‘ಗ್ಯಾಸ್ ವಾಸನೆ ಬಂದರೆ ಎಚ್ಚರ’ ಎಂಬ ಸೂಚನೆ ಸೋರಿಕೆಗಷ್ಟೇ ಸಲ್ಲುತ್ತದೆ. ಹೀಗಿರುವಾಗ ‘ಹೊಗೆಗೊಳವೆ’ ಎಂದು ಬರೆದರೆ, ಹೊಗೆಯೇ ಕಾಣುವುದಿಲ್ಲವಲ್ಲ, ಕೊಳವೆ ಯಾಕೆ ಎಂದು ಓದುವವರು ಕೇಳಿಯಾರು.

‘ಹಬೆ’ ನೀರಿನದು, ಹೊಂದದು. ‘ಕೆಟ್ಟಗಾಳಿ’ ಎಂದರೆ ನಾತ ನೆನಪಾಗುತ್ತದೆ. ಇಂಗ್ಲಿಷಿನ ‘ಎಕ್ಸಾಸ್ಟ್’ಗೆ ಬಳಸುವ ‘ನಿಷ್ಕಾಸ’ ಎಂಬುದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ನಮ್ಮೂರಲ್ಲಿ ಯಾರಿಗೂ ಅರ್ಥವಾಗಲಾರದು. ಸದ್ಯಕ್ಕೆ ನಾನು ‘ಉರಿದ ಗಾಳಿಯ ಕೊಳವೆ’ ಎಂದು ಬರೆದಿಟ್ಟಿದ್ದೇನೆ, ಉದ್ದವಾಯಿತು.

ಹಂಚಿನ ಕಾರ್ಖಾನೆ, ಇಟ್ಟಿಗೆಯ ಗೂಡು, ಗಡಿಯಾಚೆಯ ಆಲೆಮನೆ ಮುಂತಾದೆಡೆ, ಕಣ್ಣಿಗೆ ಕಾಣದ ಇಂತಹ ಉರಿದ ಗಾಳಿಗೆ ಕೆಲಸಗಾರರ ಬಾಯಲ್ಲಿ ಬೇರೆ ಪದವೇನಾದರೂ ಇದೆಯೇ? ಕೇಳಿದವರಿದ್ದರೆ ಊರಿನ ಹೆಸರಿನೊಡನೆ ತಿಳಿಸಬೇಕಾಗಿ ವಿನಂತಿ.