ಯುದ್ಧ ವರದಿ ಬಿಟ್ಟು ಪುಸ್ತಕ ಬರೆಯಲು ಕುಳಿತವರು ಇದ್ದೀರಾ?

ಕೇಳಿದವರು: ಹನ್ನೊಂದು ವರ್ಷದಿಂದ ಪತ್ರಿಕೆಯಲ್ಲಿದ್ದೇನೆ. ಉಕ್ರೇನಿಗೆ ಎರಡು ಸಲ ಹೋಗಿ ಬಂದೆ. ಪುಸ್ತಕ ಬರೆಯಬೇಕು. ಕೆಲಸ ಬಿಡಲೇ, ರಜೆ ಹಾಕಲೇ? ಮಗಳಿಗೆ ನಾಲ್ಕು ವರ್ಷ.

ದ್ರಾಸ್‌ಗೆ ಹೋಗಿದ್ದವ: ಕೆಲಸ ಬಿಡಿ. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಶಿಖರ ನಮ್ಮ ಕೈಗೆ ಬಂದ ವಾರ, ನಾನು ದ್ರಾಸ್‌ನಲ್ಲಿದ್ದೆ. ದೀಪ ಆರಿಸಿಕೊಂಡು ಓಡುವ ಲಾರಿಯಲ್ಲಿ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟು ಕತ್ತಲಲ್ಲೇ ಗೀಚಿದ್ದೆ. ಸಾಲಿನ ಮೇಲೆ ಸಾಲು ಬಿದ್ದು ಅರ್ಧ ಓದಲೇ ಆಗಲಿಲ್ಲ. 2003ರಲ್ಲಿ ರಾಜೀನಾಮೆ, 2011ರಲ್ಲಿ ಪುಸ್ತಕ. ಅಕ್ಷರ ಜೋಡಣೆ ಪುಟಕ್ಕೆ 20 ರೂಪಾಯಿಯಂತೆ 208 ಪುಟಕ್ಕೆ 4,160. ಮುಖಪುಟಕ್ಕೆ 3,000. ಸಾವಿರ ಪ್ರತಿಯ ಮುದ್ರಣಕ್ಕೆ 58,000. ಅಂಗಡಿಯವರಿಗೆ ಶೇ 40 ರಿಯಾಯಿತಿ, ಅದೂ ಸಾಲದ ಲೆಕ್ಕ. 430 ಪ್ರತಿ ಇಂದಿಗೂ ಮಂಚದ ಕೆಳಗಿವೆ, ತಳದ ಕಟ್ಟಿಗೆ ಗೆದ್ದಲು. ಆದರೂ ಪಶ್ಚಾತ್ತಾಪವಿಲ್ಲ. ಅಮೆರಿಕದ ಯುದ್ಧ ವರದಿಗಾರ ಮೈಕೆಲ್ ಹೆರ್ ವಿಯೆಟ್ನಾಂಗೆ ಹೋದದ್ದು 1967ರಲ್ಲಿ, ಅವನ ಪುಸ್ತಕ ‘ಡಿಸ್‌ಪ್ಯಾಚಸ್’ ಬಂದದ್ದು 1977ರಲ್ಲಿ. ಹತ್ತು ವರ್ಷ ಹಿಡಿದೇ ಹಿಡಿಯುತ್ತದೆ.

ಕರಡು ತಿದ್ದುವವಳು: ಆ ಹತ್ತು ವರ್ಷದ ನಡುವೆ ಹೆರ್ ಮನಸ್ಸು ಕುಸಿದು ಬರೆಯಲಾಗದೆ ಕುಳಿತಿದ್ದನ್ನು ಏಕೆ ನುಂಗಿಕೊಂಡಿರಿ? ನಮ್ಮ ಯಜಮಾನರು 1987ರಲ್ಲಿ ಶ್ರೀಲಂಕಾದ ಜಾಫ್ನಾದಿಂದ ಯುದ್ಧ ವರದಿ ಮುಗಿಸಿ ಬಂದವರು ಹದಿನಾಲ್ಕು ತಿಂಗಳು ಜಗಲಿಯಿಂದ ಏಳಲಿಲ್ಲ. ಮನೆ ನಡೆದದ್ದು ನಾನು ತಿದ್ದಿದ ಕರಡಿನಿಂದ, ಪುಟಕ್ಕೆ ಎರಡು ರೂಪಾಯಿ. ಅವರ ಪುಸ್ತಕ ಮೂರನೆಯ ಅಧ್ಯಾಯದಲ್ಲೇ ನಿಂತಿದೆ.

ಕೆಲಸ ಬಿಡದವ: ರಜೆ ಹಾಕಿ. ಸೋವಿಯತ್ ಯುದ್ಧ ವರದಿಗಾರ ವಾಸಿಲಿ ಗ್ರಾಸ್‌ಮನ್ 1942ರಲ್ಲಿ, ಯುದ್ಧದ ನಡುವೆಯೇ, ಸಂಪಾದಕರಿಂದ ಎರಡು ತಿಂಗಳ ರಜೆ ಪಡೆದು ಕಾದಂಬರಿ ಬರೆದ. ಅದು ಅವನ ಪತ್ರಿಕೆ, ಸೇನೆಯ ‘ಕ್ರಾಸ್ನಾಯಾ ಜ್ವೆಜ್ದಾ’ದಲ್ಲೇ ಧಾರಾವಾಹಿಯಾಗಿ ಬಂತು. ಆಮೇಲೆ ಸ್ಟಾಲಿನ್‌ಗ್ರಾಡ್‌ಗೆ ಹೊರಟ. ನಾನು ಇಪ್ಪತ್ತು ವರ್ಷ ಗಳಿಕೆ ರಜೆಯಲ್ಲೇ ಎರಡು ಪುಸ್ತಕ ಮುಗಿಸಿದೆ. ಗೆದ್ದಲಿಗೆ ಒಂದು ಪ್ರತಿಯನ್ನೂ ಉಣಿಸಿಲ್ಲ.

ದ್ರಾಸ್‌ಗೆ ಹೋಗಿದ್ದವ: ಗ್ರಾಸ್‌ಮನ್‌ನ ದೊಡ್ಡ ಕೃತಿ ಏನಾಯಿತು, ಹೇಳಿ! 1961ರಲ್ಲಿ ಸೋವಿಯತ್ ಗುಪ್ತಚರ ಪೊಲೀಸರಾದ ಕೆಜಿಬಿಯವರು ‘ಲೈಫ್ ಅಂಡ್ ಫೇಟ್’ ಕಾದಂಬರಿಯ ಹಸ್ತಪ್ರತಿಯ ಜೊತೆ ಟೈಪ್‌ರೈಟರ್ ರಿಬ್ಬನ್ನನ್ನೂ ಹೊತ್ತೊಯ್ದರು. 1964ರಲ್ಲಿ ಅವನು ತೀರಿಕೊಂಡ. ಅಚ್ಚಾದದ್ದು 1980ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಗಳಿಕೆ ರಜೆಯ ಲೆಕ್ಕ ಅಲ್ಲಿ ನಡೆಯಲಿಲ್ಲ. ತಾವು ಯಾವ ಯುದ್ಧಕ್ಕೆ ಹೋಗಿದ್ದಿರಿ?

ಕೆಲಸ ಬಿಡದವ: ಸುದ್ದಿಮೇಜಿನಲ್ಲಿ ನಿಮ್ಮಂಥವರ ಕಾಗುಣಿತದೊಂದಿಗೆ.

ಕರಡು ತಿದ್ದುವವಳು: ಇಬ್ಬರೂ ನಿಲ್ಲಿಸಿ. ದ್ರಾಸ್‌ನವರೇ, ಕಟ್ಟುಗಳನ್ನು ನೆಲಕ್ಕೆ ತಾಗಿಸಬೇಡಿ, ಇಟ್ಟಿಗೆಯ ಮೇಲೆ ಹಲಗೆ ಹಾಕಿ ಇಡಿ.

ದ್ರಾಸ್‌ಗೆ ಹೋಗಿದ್ದವ: ಹಲಗೆಗೂ ಹಿಡಿದಿದೆ, ಅಮ್ಮಾ.